ಗಂಟಲಿಗೂ ಒಂದು ಪತ್ತನಾಜೆ: ಊರು ಕಾಯುತ್ತಿರುವಾಗ ಸ್ವರಕ್ಕೆ ವಿಶ್ರಾಂತಿ ಕೊಡುವ ಬಗೆ

ತುಳುವರ ಬೇಶ ತಿಂಗಳ ಹತ್ತನೇ ದಿನ ಪತ್ತನಾಜೆ. ಮೇ 24ರ ಆಚೀಚೆ ಬರುವ ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜಾತ್ರೆ, ದೈವಗಳ ನೇಮ, ಕೋಲ ಎಲ್ಲವೂ ನಿಲ್ಲುತ್ತವೆ. ಕಾಸರಗೋಡಿನ ಚಂದ್ರಗಿರಿ ಹೊಳೆಯಿಂದ ಬಡಗಿನ ನಮ್ಮ ಊರುಗಳಲ್ಲಿ ಇದನ್ನು ಪ್ರಶ್ನಿಸುವವರಿಲ್ಲ. ‘ಇನ್ನೊಂದು ಕೋಲ ಆಗಿಯೇ ಹೋಗಲಿ’ ಎಂದು ದೈವದ ಹತ್ತಿರ ಯಾರೂ ಕೇಳುವುದಿಲ್ಲ.

ನನ್ನ ಗಂಟಲಿಗೆ ಮಾತ್ರ ಪತ್ತನಾಜೆ ಇರಲಿಲ್ಲ. ಹಗಲು ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ. ಸಂಜೆ ಮಹಿಳಾ ಯಕ್ಷಗಾನ ಸಂಘದ ಅಭ್ಯಾಸ. ಶನಿವಾರ, ಆದಿತ್ಯವಾರ ಎಲ್ಲಾದರೂ ಒಂದು ತಾಳಮದ್ದಳೆ, ಎಂದರೆ ವೇಷ, ಕುಣಿತ ಇಲ್ಲದೆ ಪದ ಮತ್ತು ಅರ್ಥದಲ್ಲೇ ನಡೆಯುವ ಯಕ್ಷಗಾನ. ಅಲ್ಲಿ ನನ್ನದು ಭಾಗವತಿಕೆ, ಜಾಗಟೆ ಹಿಡಿದು ಪದ ಹೇಳುವ ಕೆಲಸ. ಮಳೆಗಾಲಕ್ಕೆ ಆಟ ನಿಂತಿತು ಎನ್ನುವಾಗ ತಾಳಮದ್ದಳೆಯ ಕೂಟಗಳು ಶುರುವಾಗುತ್ತಿದ್ದವು: ತುಳುವರ ಆಟಿ ತಿಂಗಳ ಕೂಟ, ಅಷ್ಟಮಿ, ಚೌತಿ, ನವರಾತ್ರಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪದ ಕೇಳುವವರಿಗೂ ಕೊರತೆಯಿಲ್ಲ, ಹೇಳಿಸುವವರಿಗೂ ಇಲ್ಲ.

ಒಂದು ರಾತ್ರಿ ದೇವಸ್ಥಾನದ ಸಭಾಭವನದಲ್ಲಿ ಎತ್ತರದ ಸ್ವರದಲ್ಲಿ ಹೇಳುವ ಏರುಪದಕ್ಕೆ ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಮದ್ದಳೆಯವರು ನನ್ನ ಮುಖ ನೋಡಿದರು. ಚೆಂಡೆಯವರು ಪದ ಮುಗಿಸುವ ಬಿಡ್ತಿಗೆ ಬಾರಿಸಿ ಸುಧಾರಿಸಿದರು, ಅರ್ಥ ಹೇಳುವವರು ಪದ ಮುಗಿದಂತೆಯೇ ಮಾತು ಎತ್ತಿಕೊಂಡರು. ಎದುರು ಕೂತವರಿಗೆ ಗೊತ್ತಾಯಿತೋ ಇಲ್ಲವೋ, ನನಗಂತೂ ಗೊತ್ತಾಯಿತು.

ಅದರ ನಂತರದ ಎಂಟು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪದ ಹೇಳುವವರು, ಅರ್ಥಧಾರಿಗಳು, ಟೀಚರುಗಳು, ಭಜನೆಯಲ್ಲಿ ಮುಂದೆ ಕೂತು ಹಾಡುವವರು, ಸ್ವರದಿಂದ ಊರಿಗೆ ಬೇಕಾದವರು ಯಾರೇ ಇರಲಿ, ನಿಮಗಾಗಿ. ಬೆನ್ನು ನೋವು, ಆಪರೇಷನ್, ಮನಸ್ಸಿನ ಆಯಾಸ ಎಂದು ಬೇರೆ ಕಾರಣಕ್ಕೆ ಹಿಂದೆ ಸರಿಯಬೇಕಾದವರಿಗೂ ‘ಆಗುವುದಿಲ್ಲ’ ಎಂದು ಹೇಳುವ ಭಾಗ ಉಪಯೋಗಕ್ಕೆ ಬಂದೀತು.

ಮೊದಲ ಹೆಜ್ಜೆ: ಮೂರು ವಾರದ ಲೆಕ್ಕ

ಶೀತಕ್ಕೆ ಕೂತ ಸ್ವರ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಏಳುತ್ತದೆ. ಮೂರು ವಾರ ದಾಟಿಯೂ ಗೊಗ್ಗರು ಹೋಗದಿದ್ದರೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಲೇಬೇಕು. ಕಫದಲ್ಲಿ ರಕ್ತ, ನುಂಗಲು ಕಷ್ಟ, ಉಸಿರಿಗೆ ತೊಂದರೆ, ಕುತ್ತಿಗೆಯಲ್ಲಿ ಗಡ್ಡೆ, ಇವುಗಳಲ್ಲಿ ಒಂದು ಕಂಡರೂ ಮೂರು ವಾರ ಕಾಯಬೇಡಿ. ಬೀಡಿ ಸೇದುವವರು, ಹೊಗೆಸೊಪ್ಪು ಹಾಕಿ ಎಲೆಯಡಿಕೆ ತಿನ್ನುವವರು ಇನ್ನೂ ಬೇಗ ಹೋಗಬೇಕು. ಪದ ಹೇಳುತ್ತಿರುವಾಗಲೇ ಸ್ವರ ಫಕ್ಕನೆ ಹೋದರೆ ಆ ಕ್ಷಣಕ್ಕೆ ಬಾಯಿ ಮುಚ್ಚಿ, ಮರುದಿನವೇ ತೋರಿಸಿ. ಸ್ವರತಂತುವಿನೊಳಗೆ ರಕ್ತ ಒಸರಿದ್ದರೆ ಆಮೇಲೆ ಹೇಳುವ ಒಂದೊಂದು ಪದವೂ ಗಾಯವನ್ನು ದೊಡ್ಡದು ಮಾಡುತ್ತದೆ.

ಮೂಗಿನಿಂದ ಅಥವಾ ಬಾಯಿಯಿಂದ ತೆಳು ಕ್ಯಾಮರಾ ಬಿಟ್ಟು ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ನೋವಿಗಿಂತ ಹೆದರಿಕೆ ಹೆಚ್ಚು. ಸುಮ್ಮನೆ ‘ಗಂಟಲು ಕೆಂಪಾಗಿದೆ’ ಎಂದು ಬಾಯಿಗೆ ಟಾರ್ಚ್ ಬಿಟ್ಟು ಔಷಧಿ ಬರೆದರೆ ಸಾಲದು, ಸ್ವರತಂತು ಬಾಯಿಯಿಂದ ಕಾಣುವ ಜಾಗದಲ್ಲಿ ಇಲ್ಲ. ಪರದೆಯಲ್ಲಿ ಕಂಡ ಚಿತ್ರದ ಒಂದು ಪ್ರತಿ ಕೇಳಿ ಪಡೆದುಕೊಳ್ಳಿ. ನನಗೆ ಅದು ಔಷಧಿಗಿಂತ ಹೆಚ್ಚು ಉಪಕಾರ ಮಾಡಿತು. ‘ಸ್ವಲ್ಪ ಬಿಸಿನೀರು ಕುಡಿದರೆ ಸರಿಯಾಗುತ್ತದೆ’ ಎನ್ನುತ್ತಿದ್ದ ಮನೆಯವರು, ಎರಡು ಬಿಳಿ ತಂತುಗಳ ನಡುವೆ ಎದುರುಬದುರಾಗಿ ಎದ್ದ ಎರಡು ಗಂಟುಗಳನ್ನು ಫೋನಿನಲ್ಲಿ ನೋಡಿದ ಮೇಲೆ ಸುಮ್ಮನಾದರು.

ಆ ಗಂಟು ಎಂದರೆ ಹೆಚ್ಚುಕಡಿಮೆ ಹಾರೆ ಹಿಡಿದ ಕೈಯಲ್ಲಿ ಎದ್ದ ಜಡ್ಡಿನ ಹಾಗೆ. ಹೆಂಗಸು ಸಾಮಾನ್ಯವಾಗಿ ಮಾತಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. 200ರ ಆಸುಪಾಸಿನಲ್ಲಿ ಷಡ್ಜ ಇಟ್ಟುಕೊಂಡರೆ ಮೇಲಿನ ಷಡ್ಜ ಮುಟ್ಟಿದಾಗ 400. ಅದೂ ಚೆಂಡೆಯ ಎದುರು, ಒತ್ತಡ ಹಾಕಿ. ಮೂರು ಗಂಟೆಯ ಕೂಟಕ್ಕೆ ನೀವೇ ಲೆಕ್ಕ ಹಾಕಿ. ಇಂಥ ಗಂಟಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಕತ್ತರಿಸುವುದಲ್ಲ, ವಿಶ್ರಾಂತಿ ಮತ್ತು ಸ್ವರ ಬಳಸುವ ರೀತಿಯನ್ನು ತಿದ್ದುವ ಸ್ಪೀಚ್ ಥೆರಪಿ. ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಏಳುವ ಪಾಲಿಪ್ ಎಂಬ ಮೆತ್ತನೆಯ ಗುಳ್ಳೆಯಂಥ ತೊಂದರೆಯ ದಾರಿ ಬೇರೆ, ಅದಕ್ಕೆ ಕೆಲವೊಮ್ಮೆ ಆಪರೇಷನ್ ಬೇಕಾಗುತ್ತದೆ. ಯಾವುದೆಂದು ಕ್ಯಾಮರಾ ಹೇಳಬೇಕು, ನೆರೆಕರೆಯವರು ಹೇಳುವುದಲ್ಲ.

ಭಾಷೆಯ ಬಗ್ಗೆ ಒಂದು ಮಾತು. ಕಾಸರಗೋಡಿನಲ್ಲಿ ತೋರಿಸಿದರೆ ಮಲಯಾಳ, ರಾಜ್ಯದ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ ಕನ್ನಡ ಅಥವಾ ತುಳು. ಎಲ್ಲಿ ಹೋದರೂ ತೊಂದರೆಯಿಲ್ಲ, ಆದರೆ ಥೆರಪಿಗೆ ಹೋಗುವಾಗ ನೀವು ನಿಜವಾಗಿ ಹೇಳುವ ಪದ ಒಂದನ್ನು ಬರೆದು ತೆಗೆದುಕೊಂಡು ಹೋಗಿ. ಮಲಯಾಳದ ಪಾಠ ಓದಿಸಿ ನನ್ನ ಸ್ವರ ಅಳೆದಾಗ ಎಲ್ಲ ಸರಿಯಾಗಿಯೇ ಕಂಡಿತ್ತು. ಭಾಮಿನಿ ಷಟ್ಪದಿಯ ನಾಲ್ಕು ಸಾಲು ಹೇಳಿ ತೋರಿಸಿದ ಮೇಲೆ, ‘ಅಯ್ಯೋ, ಕುತ್ತಿಗೆಯ ನರ ಇಷ್ಟು ಬಿಗಿಯುತ್ತೀರಾ?’ ಎಂದು ಥೆರಪಿಸ್ಟ್ ಕೇಳಿದರು. ಅಲ್ಲಿಂದ ನಿಜವಾದ ಚಿಕಿತ್ಸೆ ಶುರುವಾಯಿತು.

ಎರಡನೆಯದು: ತಾರೀಕು ಹಾಕಿ ನಿಲ್ಲಿಸಿ

ಡಾಕ್ಟರು ನನಗೆ ಹೇಳಿದ್ದು ಐದು ದಿನ ಪೂರ್ತಿ ಮೌನ, ಆಮೇಲೆ ಮಿತವಾದ ಮಾತು, ಮೂರು ತಿಂಗಳು ವೇದಿಕೆ ಇಲ್ಲ. ನಾನು ಮಾಡಿದ ತಪ್ಪು, ಇದನ್ನು ಊರಿಗೆ ‘ಸ್ವಲ್ಪ ಸಮಯ ಕಮ್ಮಿ ಮಾಡುತ್ತೇನೆ, ನೋಡುವ’ ಎಂದು ಅನುವಾದಿಸಿದ್ದು. ‘ನೋಡುವ’ ಎಂಬ ಮಾತಿಗೆ ನಮ್ಮಲ್ಲಿ ‘ಬರುತ್ತೇನೆ’ ಎಂದೇ ಅರ್ಥ. ಎರಡು ವಾರ ಕಳೆಯುವ ಮೊದಲೇ ಒಂದು ಪೂಜೆಯ ಮನೆಯಲ್ಲಿ ನನ್ನ ಮುಂದೆ ಜಾಗಟೆ ಇಟ್ಟರು. ‘ಟೀಚರ್, ಒಂದೇ ಒಂದು ಪದ.’ ಹೇಳಿದೆ. ಒಂದು ಮೂರಾಯಿತು. ಮರುದಿನ ಬೆಳಿಗ್ಗೆ ಮಗನ ಹೆಸರು ಕರೆಯಲು ಸ್ವರ ಇರಲಿಲ್ಲ. ಕ್ಯಾಮರಾದಲ್ಲಿ ಊತ ಮೊದಲಿಗಿಂತ ಜಾಸ್ತಿ.

ಆದ್ದರಿಂದ ಇಂದಿನಿಂದ ಇಂಥ ದಿನದವರೆಗೆ ಎಂದು ತಾರೀಕು ನಿಶ್ಚಯಿಸಿ. ನಮ್ಮ ಜನರಿಗೆ ಅರ್ಥವಾಗುವ ಗಡಿ ಇಟ್ಟರೆ ಇನ್ನೂ ಒಳ್ಳೆಯದು. ನಾನು ‘ಆಟಿ ಒಂದರಿಂದ ನವರಾತ್ರಿ ಮುಗಿಯುವವರೆಗೆ’ ಎಂದು ಹಾಕಿದೆ. ಮೂರು ತಿಂಗಳು ಎಂದರೆ ಯಾರಿಗೂ ನೆನಪಿರುವುದಿಲ್ಲ, ನವರಾತ್ರಿ ಎಂದರೆ ಎಲ್ಲರಿಗೂ ಗೊತ್ತು. ಆ ಅವಧಿಯಲ್ಲಿ ಒಪ್ಪಿಕೊಂಡ ಕಾರ್ಯಕ್ರಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಇದ್ದವು. ನೋಡಿ ನನಗೇ ಆಶ್ಚರ್ಯವಾಯಿತು. ಅವುಗಳಲ್ಲಿ ಒಂದನ್ನೂ ‘ಇದೊಂದು ಮುಗಿಸಿ ನಿಲ್ಲಿಸುತ್ತೇನೆ’ ಎಂದು ಉಳಿಸಿಕೊಳ್ಳಬೇಡಿ. ಒಂದು ಕಡೆ ಹೋಗಿ ಇನ್ನೊಂದು ಕಡೆ ಹೋಗದಿದ್ದರೆ, ಅಲ್ಲಿಗೆ ಹೋಗಿದ್ದಾರಲ್ಲ, ನಮ್ಮಲ್ಲಿಗೆ ಯಾಕೆ ಇಲ್ಲ ಎಂಬ ಮಾತು ಬರುತ್ತದೆ. ಆ ಮಾತಿನಲ್ಲಿ ನ್ಯಾಯವೂ ಉಂಟು.

ಮೂರನೆಯದು: ಹೇಳುವ ಕ್ರಮ

ಮೊದಲು ಮನೆಯವರಿಗೆ. ಆಮೇಲೆ ನಿಮ್ಮ ಬದಲು ಪದ ಹೇಳಬಲ್ಲವರಿಗೆ. ಅವರು ಒಪ್ಪಿದ ಮೇಲೆ ಸಮಿತಿಯ ಕಾರ್ಯದರ್ಶಿಗೆ, ಅಥವಾ ಸೇವೆ ಕೊಡಿಸುವ ಮನೆಯ ಯಜಮಾನರಿಗೆ. ಎಲ್ಲರಿಗೂ ಕೊನೆಗೆ. ಈ ಕ್ರಮ ತಲೆಕೆಳಗಾದರೆ ನಿಮ್ಮ ಮನೆಯವರೇ ದಾರಿಯಲ್ಲಿ ಸಿಕ್ಕಿದವರಿಗೆ ‘ಹೌದಾ, ನಮಗೆ ಗೊತ್ತಿಲ್ಲ, ಬಂದಾಳು’ ಎಂದುಬಿಡುತ್ತಾರೆ.

ಬದಲಿಯನ್ನು ಹುಡುಕುವುದು ನಿಮ್ಮ ಕರ್ತವ್ಯವೇನೂ ಅಲ್ಲ. ಆದರೂ ಆಗುವುದಾದರೆ ಮಾಡಿ. ಹರಕೆ ಹೊತ್ತವರಿಗೆ ಬೇಕಾದದ್ದು ಕೂಟ ನಡೆಯುವುದು. ಅದು ನಡೆಯುತ್ತದೆ ಎಂಬ ಧೈರ್ಯ ಕೊಟ್ಟರೆ ಅರ್ಧ ಒತ್ತಡ ಅಲ್ಲಿಯೇ ಇಳಿಯುತ್ತದೆ. ನನ್ನ ಹತ್ತಿರ ಪದ ಕಲಿಯುತ್ತಿದ್ದ ಇಬ್ಬರು ಹುಡುಗಿಯರಿದ್ದರು. ಇನ್ನೂ ಎರಡು ವರ್ಷ ಹೋಗಲಿ ಎಂದು ಅವರನ್ನು ಪ್ರಸಂಗಕ್ಕೆ ಮೊದಲಿನ ಪೂರ್ವರಂಗಕ್ಕೆ ಮಾತ್ರ ಕೂರಿಸುತ್ತಿದ್ದೆ. ಹದಿನಾಲ್ಕರಲ್ಲಿ ಒಂಬತ್ತು ಕೂಟಗಳನ್ನು ಅವರೇ ನಡೆಸಿದರು.

ಫೋನ್ ಮಾಡಿ ಹೇಳಬೇಡಿ. ಒಂದು, ಮಾತಾಡಬಾರದು. ಎರಡು, ಫೋನಿನಲ್ಲಿ ಆಚೆಯವರ ಸಂಕಟ ಕೇಳಿದರೆ ಮನಸ್ಸು ಕರಗುತ್ತದೆ. ಬರೆದು ಕಳಿಸಿ. ನಾನು ಕಳಿಸಿದ್ದು ಇಷ್ಟು:

‘ನಮಸ್ಕಾರ. ನನ್ನ ಸ್ವರತಂತುಗಳಲ್ಲಿ ಗಂಟು ಇರುವುದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಡಾಕ್ಟರ ಸೂಚನೆಯಂತೆ ಆಟಿ ಒಂದರಿಂದ ನವರಾತ್ರಿ ಮುಗಿಯುವವರೆಗೆ ನಾನು ಎಲ್ಲಿಯೂ ಪದ ಹೇಳುವುದಿಲ್ಲ. ನಿಮ್ಮಲ್ಲಿಯ ಕೂಟಕ್ಕೆ ಬೇರೆ ಭಾಗವತರು ಒಪ್ಪಿದ್ದಾರೆ, ಅವರ ನಂಬರ್ ಕೆಳಗಿದೆ. ಫೋನಿನಲ್ಲಿ ಮಾತಾಡಲು ನನಗೆ ಆಗುವುದಿಲ್ಲ, ಏನಿದ್ದರೂ ಬರೆದು ತಿಳಿಸಿ. ಕೂಟ ಚಂದವಾಗಿ ನಡೆಯಲಿ.’

ಇದರಲ್ಲಿ ‘ಪ್ರಯತ್ನ ಮಾಡುತ್ತೇನೆ’ ಇಲ್ಲ. ಮೂರು ಸಲ ಕ್ಷಮೆ ಕೇಳಿಲ್ಲ. ಎಲ್ಲರಿಗೂ ಒಂದೇ ಒಕ್ಕಣೆ ಕಳಿಸಿದ್ದರಿಂದ, ಒಬ್ಬರಿಗೆ ಹೇಳಿದ ಕಾರಣ ಇನ್ನೊಬ್ಬರ ಬಾಯಲ್ಲಿ ಬೇರೆಯಾಗಲಿಲ್ಲ. ಕಾಯಿಲೆಯ ಹೆಸರು ಹೇಳುವುದು ಬಿಡುವುದು ನಿಮ್ಮ ಇಷ್ಟ. ನಾನು ಹೇಳಿದೆ, ಯಾಕೆಂದರೆ ಗಂಟಲು ಎಂದ ಕೂಡಲೇ ಊರಲ್ಲಿ ‘ಕ್ಯಾನ್ಸರ್ ಅಂತೆ’ ಎಂದು ಹಬ್ಬುತ್ತದೆ. ಮನಸ್ಸಿನ ಕಾಯಿಲೆಯಾಗಿದ್ದು ಹೇಳಲು ಮನಸ್ಸಿಲ್ಲದಿದ್ದರೆ ‘ಡಾಕ್ಟರ ಸೂಚನೆ’ ಎಂದರೆ ಸಾಕು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಚಿಕಿತ್ಸೆಯ ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು ಎಂದೇ ಇದೆ. ವಿವರಣೆಯ ಸಾಲ ಊರಿಗೆ ತೀರಿಸಬೇಕಾಗಿಲ್ಲ.

ನಾಲ್ಕನೆಯದು: ಬರುವ ಮಾತುಗಳಿಗೆ ಮೊದಲೇ ಸಿದ್ಧರಾಗಿ

ಇದೇ ಅತಿ ಕಷ್ಟದ ಭಾಗ. ಕೇಳುವವರು ಯಾರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ, ಅದಕ್ಕೇ ಕಷ್ಟ.

‘ಒಂದೇ ಒಂದು ಪದ.’ ಇದಕ್ಕೆ ನನ್ನ ಉತ್ತರ: ಕಾಲು ಮುರಿದವರಿಗೆ ಒಂದೇ ಒಂದು ಸುತ್ತು ಕುಣಿಯಿರಿ ಎನ್ನುತ್ತೀರಾ? ಇದನ್ನು ಸಿಟ್ಟಿನಿಂದ ಹೇಳಬಾರದು, ನಗುತ್ತಾ ಚೀಟಿಯಲ್ಲಿ ಬರೆದು ತೋರಿಸಬೇಕು. ಗಂಟಲಿನ ಗಾಯಕ್ಕೆ ಪ್ಲಾಸ್ಟರ್ ಇಲ್ಲ, ಕಾಣುವುದಿಲ್ಲ. ಕಾಣದ ಗಾಯವನ್ನು ಜನ ಮರೆಯುತ್ತಾರೆ. ಅದು ಅವರ ತಪ್ಪಲ್ಲ.

‘ಕಾಗದದಲ್ಲಿ ಹೆಸರು ಹಾಕಿ ಆಗಿದೆ.’ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಬಂದದ್ದಕ್ಕೆ ನೀವು ಹೊಣೆಯಲ್ಲ. ಹೋಗಿ ಕೂತುಕೊಳ್ಳುವ ಆಸೆಯಾದರೆ ಹೋಗಬಹುದು, ಆದರೆ ಮೊದಲ ತಿಂಗಳು ಹೋಗದೇ ಇರುವುದೇ ಒಳ್ಳೆಯದು. ಮದ್ದಳೆ ಕೇಳಿದ ಕೂಡಲೇ ಗಂಟಲು ತಾನಾಗಿ ಬಿಗಿಯುತ್ತದೆ, ಒಳಗೊಳಗೇ ಪದ ಹೇಳತೊಡಗುತ್ತದೆ. ನನಗೆ ಹಾಗೆ ಆಗುತ್ತಿತ್ತು.

‘ಬಲಿಪರು ಮೈಕ್ ಇಲ್ಲದೆ ಹೇಳುತ್ತಿರಲಿಲ್ಲವಾ?’ ಪಡ್ರೆಯ ಬಲಿಪ ನಾರಾಯಣ ಭಾಗವತರ (1938–2023) ಏರು ಕಂಠವನ್ನು ಕೇಳಿ ಬೆಳೆದವಳು ನಾನು. ಆ ಕಂಠ ಅವರದು, ನನ್ನದು ಬೇರೆ. ಅದಲ್ಲದೆ ಹಿಂದಿನ ಬೆಳಗಿನವರೆಗಿನ ಆಟದಲ್ಲಿ ಇಡೀ ರಾತ್ರಿ ಒಬ್ಬರ ಗಂಟಲ ಮೇಲೆ ಇರುತ್ತಿರಲಿಲ್ಲ. ಪೂರ್ವರಂಗಕ್ಕೆ ಸಂಗೀತಗಾರರು, ನಡುವೆ ಇನ್ನೊಬ್ಬರು, ಮುಖ್ಯ ಭಾಗವತರು ಕೂರುವಾಗ ರಾತ್ರಿ ಬಲಿಯುತ್ತಿತ್ತು. ಹಗಲಿಡೀ ನಲುವತ್ತು ಮಕ್ಕಳಿಗೆ ಪಾಠ ಹೇಳಿ ಬಂದು ಜಾಗಟೆ ಹಿಡಿಯುವ ಕ್ರಮ ಆಗ ಮೇಳಗಳಲ್ಲಿ ಇರಲಿಲ್ಲ.

‘ದೇವರ ಸೇವೆ, ಆಗುವುದಿಲ್ಲ ಎನ್ನಬಾರದು.’ ಈ ಮಾತು ನನ್ನನ್ನು ನಿಜವಾಗಿ ಅಲ್ಲಾಡಿಸಿತು. ವಾರಗಟ್ಟಲೆ ನಿದ್ದೆ ಬರಲಿಲ್ಲ. ಉತ್ತರ ಸಿಕ್ಕಿದ್ದು ಅತ್ತೆಯವರಿಂದ. ‘ಸೂತಕ ಬಂದರೆ ಭಟ್ಟರು ಪೂಜೆ ಮಾಡುತ್ತಾರಾ? ಬೇರೆಯವರು ಬರುತ್ತಾರೆ. ದೇವರು ಉಪವಾಸ ಬೀಳುತ್ತಾನಾ?’ ಎಂದು ತೆಂಗಿನಕಾಯಿ ತುರಿಯುತ್ತಾ ಕೇಳಿದರು. ಎಷ್ಟು ಸರಿ. ಸಾವಿನ ಸೂತಕಕ್ಕೆ, ಹುಟ್ಟಿನ ಅಮೆಗೆ, ಹಿಂದೆ ಸರಿಯುವ ಕ್ರಮವನ್ನು ನಮ್ಮ ಹಿರಿಯರು ಇಟ್ಟಿದ್ದಾರೆ. ಆಗ ಯಾರೂ ಕಾರಣ ಕೇಳುವುದಿಲ್ಲ, ದೊಡ್ಡಸ್ತಿಕೆ ಎನ್ನುವುದಿಲ್ಲ. ಅಮ್ಮ ತೀರಿಕೊಂಡಾಗ ನನ್ನನ್ನೂ ಹದಿಮೂರು ದಿನ ಯಾರೂ ಪದಕ್ಕೆ ಕರೆಯಲಿಲ್ಲ. ಹದಿನಾರನೇ ದಿನ ಕೂಟಕ್ಕೆ ಹೋದೆ. ಬೇಡ ಎನಿಸಿತ್ತು, ಹೇಳಲಿಲ್ಲ. ಆ ದಿನ ಹೇಳಿದ ಪದಗಳಲ್ಲಿ ಒಂದೂ ನೆನಪಿಲ್ಲ. ಸೂತಕದ ದಿನ ಮುಗಿದಿತ್ತು, ದುಃಖ ಮುಗಿದಿರಲಿಲ್ಲ. ಅದನ್ನು ಹೇಳಿಕೊಳ್ಳಲು ನನ್ನಲ್ಲಿ ಮಾತಿರಲಿಲ್ಲ.

ಇನ್ನು ಮದ್ದು ಹೇಳುವವರು. ಒಳ್ಳೆಮೆಣಸು, ಜ್ಯೇಷ್ಠಮಧು, ಕಲ್ಲುಸಕ್ಕರೆ, ಹಸಿಶುಂಠಿ, ಪ್ರತಿಯೊಬ್ಬರ ಹತ್ತಿರ ಒಂದೊಂದು. ಚೀಪಿದರೆ ಗಂಟಲಿಗೆ ಹಿತವಾಗುತ್ತದೆ, ನಿಜ. ಆದರೆ ನಾವು ನುಂಗಿದ್ದು ಯಾವುದೂ ಸ್ವರತಂತುವನ್ನು ಮುಟ್ಟುವುದಿಲ್ಲ. ನುಂಗುವಾಗ ಆ ದಾರಿ ಮುಚ್ಚಿಕೊಳ್ಳುತ್ತದೆ, ಮುಚ್ಚದಿದ್ದರೆ ಕೆಮ್ಮು ಹತ್ತುತ್ತದೆ. ತೆಗೆದುಕೊಂಡು ನಮಸ್ಕಾರ ಹೇಳಿ. ಒಂದಕ್ಕೆ ಮಾತ್ರ ಒಪ್ಪಬೇಡಿ: ‘ಒಂದು ಇಂಜೆಕ್ಷನ್ ತೆಗೆದುಕೊಂಡರೆ ಇವತ್ತಿಗೆ ಸುಧಾರಿಸುತ್ತದೆ.’ ಸ್ಟಿರಾಯ್ಡ್ ಊತವನ್ನು ಇಳಿಸಿ ಸ್ವರ ಬಂದಂತೆ ಮಾಡುತ್ತದೆ, ಗಾಯ ಅಲ್ಲಿಯೇ ಇರುತ್ತದೆ. ನೋವು ಗೊತ್ತಾಗದ ಗಂಟಲಿಗೆ ಪೂರ್ತಿ ಒತ್ತಡ ಹಾಕಿ ಪದ ಹೇಳಿದರೆ ರಕ್ತ ಒಸರುವ ಅಪಾಯ ಹೆಚ್ಚು. ಮರಗಟ್ಟಿಸುವ ಸ್ಪ್ರೇ ಕೂಡ ಹಾಗೆಯೇ.

ಐದನೆಯದು: ಮೌನದ ಮನೆ

ಪಿಸುಮಾತು ವಿಶ್ರಾಂತಿಯಲ್ಲ. ನಾನು ಮೊದಲ ದಿನವಿಡೀ ಪಿಸುಗುಟ್ಟಿ, ಡಾಕ್ಟರು ಹೇಳಿದ್ದನ್ನು ಪಾಲಿಸುತ್ತಿದ್ದೇನೆ ಎಂದುಕೊಂಡಿದ್ದೆ. ಪಿಸುಗುಟ್ಟುವಾಗಲೂ ಗಂಟಲು ಬಿಗಿಯುತ್ತದೆ. ಪೂರ್ತಿ ಮೌನ ಎಂದರೆ ಬರೆಯುವುದು, ಕೈಸನ್ನೆ, ಅಷ್ಟೇ. ಮಗನ ಹಳೆಯ ಸ್ಲೇಟು, ಅಡಿಗೆಮನೆಗೆ ಒಂದು, ಜಗಲಿಗೆ ಒಂದು. ಕರೆಯಲು ಪೂಜೆಯ ಕೈಗಂಟೆ. ಗೇಟಿನ ಹತ್ತಿರ ‘ಡಾಕ್ಟರ ಸೂಚನೆ: ಮಾತಿಲ್ಲ’ ಎಂದು ಕನ್ನಡ, ಮಲಯಾಳ ಎರಡರಲ್ಲೂ ಬರೆದು ಕಟ್ಟಿದೆ. ಹಾಲಿನವರು, ಕರೆಂಟಿನವರು, ಕುಟುಂಬಶ್ರೀ ಮಹಿಳಾ ಸಂಘದವರು ಎಲ್ಲರಿಗೂ ಅದೇ ಉತ್ತರ ಕೊಟ್ಟಿತು.

ಪೂರ್ತಿ ಮೌನವನ್ನು ಡಾಕ್ಟರು ಹೇಳಿದಷ್ಟೇ ದಿನ ಮಾಡಿ. ತಿಂಗಳುಗಟ್ಟಲೆ ಮೌನವಿದ್ದರೆ ಇನ್ನೂ ಒಳ್ಳೆಯದು ಎಂದು ಸ್ವಂತ ವ್ರತ ಹಿಡಿಯಬೇಡಿ. ಗಂಟಿಗೆ ಬೇಕಾದದ್ದು ಸ್ವರವನ್ನು ಬೇರೆ ರೀತಿಯಲ್ಲಿ ಬಳಸಲು ಕಲಿಯುವುದು. ಥೆರಪಿಯಲ್ಲಿ ನನಗೆ ಹೇಳಿಕೊಟ್ಟದ್ದರಲ್ಲಿ ತುಂಬ ಸುಲಭದ್ದು ಸ್ಟ್ರಾದ ಅಭ್ಯಾಸ. ಅರ್ಧ ಲೋಟ ನೀರಿನಲ್ಲಿ ಸ್ಟ್ರಾದ ತುದಿಯನ್ನು ಒಂದು ಇಂಚಿನಷ್ಟು ಮುಳುಗಿಸಿ, ‘ಊ’ ಎಂದು ಮೆಲ್ಲನೆ ಸ್ವರ ಬಿಡುತ್ತಾ ಗುಳ್ಳೆ ಎಬ್ಬಿಸುವುದು. ಗುಳ್ಳೆ ಒಂದೇ ಸಮನೆ ಏಳಬೇಕು, ಗಂಟಲಿಗೆ ಏನೂ ಗೊತ್ತಾಗಬಾರದು. ಹೀಗೆ ಬಾಯಿಯ ದಾರಿ ಕಿರಿದಾದಾಗ ಆಚೆಯಿಂದ ಗಾಳಿ ಸ್ವಲ್ಪ ತಡೆಯುತ್ತದೆ, ತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುವುದಿಲ್ಲ. ದಿನಕ್ಕೆ ಐದಾರು ಸಲ, ಎರಡೆರಡು ನಿಮಿಷ. ನಿಮ್ಮ ಗಂಟಲಿಗೆ ಎಷ್ಟು ಎಂದು ನಿಮ್ಮ ಥೆರಪಿಸ್ಟ್ ಹೇಳಲಿ.

ಗಂಟಲು ಕೆರೆಯುವುದನ್ನು ಬಿಡಬೇಕು. ‘ಹ್ಮ್ ಹ್ಮ್’ ಎಂದು ಸರಿಮಾಡಿಕೊಳ್ಳುವುದು ಭಾಗವತರ, ಟೀಚರುಗಳ ಹುಟ್ಟುಗುಣ. ಅದೂ ಬಡಿತವೇ. ಬದಲು ಒಂದು ಗುಟುಕು ನೀರು. ದಿನವಿಡೀ ನೀರು ಕುಡಿಯುತ್ತಿದ್ದರೆ ತಂತುಗಳ ಮೇಲಿನ ಪಸೆ ಉಳಿಯುತ್ತದೆ. ಬಿಸಿನೀರಿನ ಹಬೆ ತೆಗೆದುಕೊಳ್ಳಿ, ಹಬೆ ಮಾತ್ರ ಅಲ್ಲಿಯವರೆಗೆ ಹೋಗುತ್ತದೆ. ಬಾಮ್ ಹಾಕಬೇಡಿ.

ಊಟದ ಹೊತ್ತು ಬದಲಿಸಿದ್ದು ನನಗೆ ತುಂಬ ಗುಣ ಕೊಟ್ಟಿತು. ಕೂಟ ಮುಗಿಸಿ ರಾತ್ರಿ ಹನ್ನೆರಡಕ್ಕೆ ಸಾರು, ಪಲ್ಯ, ಪಾಯಸ ಉಂಡು ಒಂದು ಗಂಟೆಗೆ ಮಲಗುವ ಅಭ್ಯಾಸ ವರ್ಷಾನುಗಟ್ಟಲೆ ನಡೆದಿತ್ತು. ಮಲಗಿದ ಮೇಲೆ ಹೊಟ್ಟೆಯ ಹುಳಿ ಮೇಲೆ ಬಂದು ಸ್ವರತಂತುವನ್ನು ಸುಡುತ್ತದೆ, ಎದೆಯುರಿ ಇಲ್ಲದೆಯೂ. ಬೆಳಿಗ್ಗೆ ಎದ್ದಾಗ ಸ್ವರ ದಪ್ಪವಾಗಿರುವವರು ಇದನ್ನು ಡಾಕ್ಟರ ಹತ್ತಿರ ಕೇಳಿ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ, ಮಂಚದ ತಲೆಯ ಬದಿಯ ಕಾಲಿಗೆ ಒಂದು ಹಲಗೆ ತುಂಡು ಕೊಡಿ.

ಶಾಲೆಯವರಿಗೆ ಒಂದೆರಡು ಮಾತು. ಸರ್ಟಿಫಿಕೇಟಿನಲ್ಲಿ ‘ಗಂಟಲು ನೋವು’ ಎಂದು ಬರೆಸಬೇಡಿ, ‘ಸ್ವರಕ್ಕೆ ವಿಶ್ರಾಂತಿ ಬೇಕು’ ಎಂದು ದಿನಗಳ ಸಹಿತ ಬರೆಸಿ. ಮಂಗಳೂರಿನ ಡಾಕ್ಟರಾದರೆ ಅವರ ನೋಂದಣಿ ಸಂಖ್ಯೆ ಓದುವ ಹಾಗೆ ಇರಲಿ. ಕೇರಳದ ಸೇವಾ ನಿಯಮದಲ್ಲಿ ಎರಡು ದಿನದ ಅರ್ಧವೇತನ ರಜೆಯನ್ನು ಒಂದು ದಿನದ ಪೂರ್ಣವೇತನ ರಜೆಯಾಗಿ ಪರಿವರ್ತಿಸಿಕೊಳ್ಳುವ ಅವಕಾಶ ಉಂಟು, ಎಷ್ಟು ಬಾಕಿ ಇದೆ ಎಂದು ಆಫೀಸಿನಲ್ಲಿ ಲೆಕ್ಕ ಹಾಕಿಸಿ. ಮರಳಿದ ಮೇಲೆ ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ಬಳಸಿ. ನಾಚಿಕೆ ಮೊದಲ ವಾರ ಮಾತ್ರ.

ಆರನೆಯದು: ಮರೆತುಬಿಡುತ್ತಾರೆ ಎಂಬ ಭಯ

ಐದು ದಿನದ ಮೌನಕ್ಕಿಂತ ನನಗೆ ಕಷ್ಟವಾದದ್ದು ಆರನೇ ವಾರ. ಆಗ ಫೋನ್ ಬರುವುದು ನಿಂತಿತು. ಮೊದಮೊದಲು ‘ಸ್ವರ ಎಂಚ ಉಂಡು (ಹೇಗಿದೆ) ಟೀಚರೇ?’ ಎಂದು ತುಳುವಿನಲ್ಲಿ ನೆರೆಮನೆಯವರು, ‘ಶಬ್ದಂ ಶರಿಯಾಯೋ (ಸ್ವರ ಸರಿಯಾಯಿತೋ)?’ ಎಂದು ಮಲಯಾಳದಲ್ಲಿ ಅಂಗಡಿಯವರು ಕೇಳುತ್ತಿದ್ದರು. ಆಮೇಲೆ ಅದೂ ಕಡಿಮೆಯಾಯಿತು. ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆ ಹುಡುಗಿಯರ ಪದ ಎಷ್ಟು ಚಂದ ಎಂದು ಇಬ್ಬರು ಮಾತಾಡುವುದು ಕೇಳಿಸಿತು. ಸಂತೋಷವೂ ಆಯಿತು, ಹೊಟ್ಟೆಯೊಳಗೆ ಏನೋ ಕುಸಿಯಿತು ಕೂಡ. ಎರಡೂ ನಿಜ. ಇದನ್ನು ಬರೆಯುವುದು ಯಾಕೆಂದರೆ ಆ ಕುಸಿತದಲ್ಲಿಯೇ ಹೆಚ್ಚಿನವರು ಅವಧಿ ಮುಗಿಯುವ ಮೊದಲೇ ಜಾಗಟೆ ಎತ್ತಿಕೊಳ್ಳುತ್ತಾರೆ. ಗಂಟಲು ಗುಣವಾಯಿತು ಎಂದಲ್ಲ, ನಾನು ಇನ್ನೂ ಇದ್ದೇನೆ ಎಂದು ತೋರಿಸಲಿಕ್ಕೆ.

ಆಗ ನಾನು ದೂರದ ಇಬ್ಬರ ಬಗ್ಗೆ ಓದಿಕೊಂಡೆ. ಇಂಗ್ಲೆಂಡಿನ ಗಾಯಕಿ ಅಡೆಲ್ 2011ರಲ್ಲಿ ಸ್ವರತಂತುವಿನಲ್ಲಿ ರಕ್ತ ಒಸರಿದಾಗ ಅಮೆರಿಕದ ಕಾರ್ಯಕ್ರಮಗಳನ್ನು ರದ್ದು ಮಾಡಿ, ನವೆಂಬರಿನಲ್ಲಿ ಆಪರೇಷನ್ ಮಾಡಿಸಿಕೊಂಡರು. 2012ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಹಾಡಿದರು, ಅದೇ ರಾತ್ರಿ ಆರು ಪ್ರಶಸ್ತಿ ಪಡೆದರು. 2017ರಲ್ಲಿ ಲಂಡನಿನ ವೆಂಬ್ಲಿಯಲ್ಲಿ ನಾಲ್ಕು ರಾತ್ರಿಗಳಲ್ಲಿ ಎರಡು ಮುಗಿದಿದ್ದಾಗ ಸ್ವರ ಮತ್ತೆ ಕೆಟ್ಟಿತು, ಉಳಿದೆರಡನ್ನು ರದ್ದು ಮಾಡಿದರು. ಜಿಮ್ನಾಸ್ಟಿಕ್ಸಿನ ಸಿಮೋನ್ ಬೈಲ್ಸ್ 2021ರ ಜುಲೈ 27ರಂದು ಟೋಕಿಯೋ ಒಲಿಂಪಿಕ್ಸಿನ ತಂಡದ ಫೈನಲ್‌ನಿಂದ ನಡುವೆಯೇ ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ತಾನು ಎಲ್ಲಿದ್ದೇನೆ ಎಂಬ ಅಂದಾಜು ಅವರಿಗೆ ತಪ್ಪುತ್ತಿತ್ತು. ದೇಶವನ್ನು ಕೈಬಿಟ್ಟರು ಎಂದವರೂ ಇದ್ದರು. 2024ರಲ್ಲಿ ಪ್ಯಾರಿಸಿನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಅವರ ಗೆಲುವಿಗಿಂತ ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಅಷ್ಟು ದೊಡ್ಡ ಸಭೆಯ ಎದುರು ಅವರು ‘ಆಗುವುದಿಲ್ಲ’ ಎಂದದ್ದು ಗೆಲುವು ಖಾತ್ರಿಯಾದ ಮೇಲಲ್ಲ, ಮುಂದೆ ಏನಾಗುತ್ತದೆ ಎಂದು ಗೊತ್ತಿಲ್ಲದೇ ಇರುವಾಗ.

ಈ ಸಮಯದಲ್ಲಿ ನಿದ್ದೆ ತಪ್ಪಿದರೆ, ಕಾರಣವಿಲ್ಲದೆ ಅಳು ಬಂದರೆ, ಬದುಕು ಬೇಡ ಎನ್ನಿಸಿದರೆ, ಅದನ್ನು ಗಂಟಲಿನ ಲೆಕ್ಕಕ್ಕೆ ಸೇರಿಸಿ ಸುಮ್ಮನಿರಬೇಡಿ. ಕೇಂದ್ರ ಸರಕಾರದ ಟೆಲಿ ಮನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಭಾಷೆಯನ್ನು ಆಯ್ದುಕೊಳ್ಳಬಹುದು. 2022ರಿಂದ ನಡೆಯುತ್ತಿದೆ. ಮೌನದ ದಿನಗಳಾದರೆ ಮನೆಯವರು ನಿಮ್ಮ ಪರವಾಗಿ ಮಾತಾಡಲಿ.

ದಿನಕ್ಕೆ ಒಂದು ಪುಟ ಬರೆದದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಸ್ಲೇಟಿನಲ್ಲಿ ಬೇಕಾದ್ದು ಬೇಡವಾದ್ದು ಬರೆದು ಬರೆದು, ಅಮ್ಮನ ಬಗ್ಗೆ ಬರೆಯತೊಡಗಿದೆ. ಹದಿನಾರನೇ ದಿನ ಹೇಳದೆ ಉಳಿದದ್ದೆಲ್ಲ ಬಂತು.

ಏಳನೆಯದು: ಮರಳುವುದು

ಅವಧಿ ಮುಗಿದ ದಿನ ನೇರವಾಗಿ ದೊಡ್ಡ ಕೂಟಕ್ಕೆ ಹೋಗಬೇಡಿ. ಮೊದಲು ಮತ್ತೊಮ್ಮೆ ಕ್ಯಾಮರಾ. ನನ್ನ ಒಂದು ಗಂಟು ಕಾಣದಾಗಿತ್ತು, ಇನ್ನೊಂದು ಸಾಸಿವೆಯಷ್ಟು ಉಳಿದಿತ್ತು. ಹಾಗಾಗಿ ಇನ್ನೂ ಮೂರು ವಾರ ಕಾದೆ. ಊರಿಗೆ ಎರಡನೇ ಸಲ ಬರೆದು ತಿಳಿಸುವುದು ಮೊದಲಿನಷ್ಟು ಕಷ್ಟವಾಗಲಿಲ್ಲ.

ಮನೆಯಲ್ಲಿ ಮದ್ದಳೆ ಇಲ್ಲದೆ, ಶ್ರುತಿಪೆಟ್ಟಿಗೆ ಮಾತ್ರ ಇಟ್ಟು ಹತ್ತು ನಿಮಿಷದಿಂದ ಶುರುಮಾಡಿ. ವಾರಕ್ಕೆ ಐದು ನಿಮಿಷ ಹೆಚ್ಚಿಸಿ. ಮರುದಿನ ಬೆಳಿಗ್ಗೆ ಸ್ವರ ಮೊದಲಿನಂತೆಯೇ ಇದ್ದರೆ ಮುಂದೆ ಹೋಗಿ, ದಪ್ಪವಾಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ಶ್ರುತಿ ಇಳಿಸಿಕೊಳ್ಳಿ. ನಾನು ಕಪ್ಪು ನಾಲ್ಕರಲ್ಲಿ, ಎಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿಯಲ್ಲಿ ಹೇಳುತ್ತಿದ್ದೆ, ಏರು ಸ್ವರ ಕೇಳಿದರೆ ಸಭೆ ಎದ್ದು ಕೂರುತ್ತದೆ ಎಂದು. ಈಗ ಕಪ್ಪು ಮೂರು. ‘ಮೊದಲಿನ ಏರು ಇಲ್ಲ’ ಎಂದವರಿದ್ದಾರೆ. ಹೌದು, ಇಲ್ಲ.

ವೇದಿಕೆಯಲ್ಲಿ ಮೈಕಿನವರ ಹತ್ತಿರ ಮೊದಲೇ ಹೋಗಿ, ಭಾಗವತರ ಕಡೆಗೆ ಮುಖ ಮಾಡಿದ ಒಂದು ಸ್ಪೀಕರ್ ಇಡಿಸಿಕೊಳ್ಳಿ. ಚೆಂಡೆಯ ನಡುವೆ ನಮ್ಮ ಸ್ವರ ನಮಗೇ ಕೇಳದಿದ್ದರೆ ಗೊತ್ತಿಲ್ಲದೆಯೇ ಏರಿಸಿ ಹೇಳುತ್ತೇವೆ. ಇದೊಂದರಿಂದ ಆಗುವ ಉಪಕಾರಕ್ಕೆ ಲೆಕ್ಕವಿಲ್ಲ, ಖರ್ಚೂ ಇಲ್ಲ.

ನಾನು ಮರಳಿ ಪದ ಹೇಳಿದ್ದು ದೀಪಾವಳಿ ಕಳೆದು, ನಮ್ಮದೇ ಜಗಲಿಯಲ್ಲಿ, ಇಪ್ಪತ್ತು ಜನರ ಎದುರು. ಮೂರು ಪದ. ನಾಲ್ಕನೆಯದಕ್ಕೆ ಜಾಗಟೆಯನ್ನು ದೊಡ್ಡ ಹುಡುಗಿಯ ಕೈಗೆ ಕೊಟ್ಟೆ, ಮಂಗಳ ಪದವೂ ಅವಳದ್ದೇ ಆಯಿತು. ಒಬ್ಬರು ‘ಟೀಚರ್, ಇನ್ನೊಂದು’ ಎಂದರು. ಮೂರೇ ಎಂದು ಮೊದಲೇ ಹೇಳಿದ್ದೆನಲ್ಲ ಎಂದೆ, ಮೆಲ್ಲನೆ, ಸ್ವರ ಬಿಗಿಯದೆ.

ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಮೇ 24ರಿಂದ ಆರು ವಾರಕ್ಕೆ ಕೆಂಪು ಗೆರೆ ಎಳೆದಿದ್ದೇನೆ. ಪದಕ್ಕೆ ಕರೆದವರಿಗೆ ಪತ್ತನಾಜೆ ಎಂದು ಬರೆದು ಕಳಿಸುತ್ತೇನೆ. ಇದುವರೆಗೆ ಯಾರೂ ಎರಡನೇ ಪ್ರಶ್ನೆ ಕೇಳಿಲ್ಲ. ಜೂನಿನಲ್ಲಿ ಶಾಲೆ ತೆರೆಯುತ್ತದೆ, ಸೊಂಟದ ಮೈಕಿಗೆ ಹೊಸ ಬ್ಯಾಟರಿ ತಂದಿಟ್ಟಾಗಿದೆ.